ಬಲವಂತಕ್ಕೆ ಬಗ್ಗದ ಡಾಕ್ಟ್ರು

ಡಾಕ್ಟರನ್ನ ಮದುವೆಯಾದವಳ ಮನೇಲಿ ಇಂಥದ್ದು ಏನಾದ್ರೂ ಒಂದು ನಡೀತಾನೇ ಇರುತ್ತೆ. ಬೇರೆಯವರ ಮನೇಲಿ ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂತ ಜಗಳ ಶುರುವಾದ್ರೆ, ನಮ್ಮನೇಲಿ ಶುರುವಾಗಿದ್ದು ಆಸ್ಟ್ರೇಲಿಯಾ ದೇಶದ ಸಂವಿಧಾನದಿಂದ. ನಂಬಿ, ಸುಳ್ಳು ಹೇಳ್ತಿಲ್ಲ. ಪರ್ತ್ ನಗರದ ಥಾರ್ನ್ಲಿ ಬಡಾವಣೆಯಲ್ಲಿ ನಮ್ಮನೆಯವರದ್ದು ಒಂದು ಸಣ್ಣ ಕ್ಲಿನಿಕ್ಕು. ಅಲ್ಲಿ ಫೋನ್ ಎತ್ತೋಳು, ನೆಲ ಒರೆಸೋಳು, ಸೂಜಿ ನೋಡಿ ಅಳೋ ಮಕ್ಕಳಿಗೆ ಬಿಸ್ಕತ್ತು ಕೊಡೋಳು, ಎಲ್ಲ ನಾನೇ. ಹಾಗಾಗಿ ಇದೆಲ್ಲ ಕಣ್ಣಾರೆ ಕಂಡಿದ್ದು.

ತೆಂಗಿನಕಾಯಿ

ಎಂಬತ್ನಾಲ್ಕರಲ್ಲಿ ಸರ್ಕಾರ ಇಡೀ ದೇಶಕ್ಕೆ ಒಂದೇ ಆರೋಗ್ಯ ವಿಮೆ ತಂತು. ದುಡಿಯೋರ ವರಮಾನದಲ್ಲಿ ಇಷ್ಟು ಅಂತ ಕಡ್ಡಾಯವಾಗಿ ಹಿಡ್ಕೊಳ್ಳೋದು, ಕಾಯಿಲೆ ಬಿದ್ದಾಗ ಡಾಕ್ಟರ ಫೀಸಿಗೆ ಸರ್ಕಾರ ಕೊಡೋದು. ಎಪ್ಪತ್ತರ ದಶಕದಲ್ಲೂ ಇಂಥದ್ದೇ ಒಂದು ಬಂದಿತ್ತು, ಸರ್ಕಾರ ಬದಲಾದ ಮೇಲೆ ಹೋಯ್ತು. ಆಗ ನಾವು ಊರಿಗೆ ಹೊಸಬರು, ಬಾಯಿ ಮುಚ್ಕೊಂಡಿದ್ವಿ. ಈಗ ಮನೆ ಆಗಿತ್ತು, ಕಾರು ಆಗಿತ್ತು. ನಮ್ಮನೆಯವರಿಗೆ ಅಭಿಪ್ರಾಯಗಳೂ ಬರೋಕೆ ಶುರುವಾಗಿತ್ತು.

ಒಂದಿನ ಅಡುಗೆಮನೆಗೆ ಒಂದು ಸಣ್ಣ ಪುಸ್ತಕ ಹಿಡ್ಕೊಂಡು ಬಂದ್ರು. ಕೆಂಪು ಪೆನ್ನಲ್ಲಿ ಗೀಟು ಬೇರೆ ಹಾಕಿದ್ರು.

"ಕೇಳೇ ಇಲ್ಲಿ. ಸರ್ಕಾರ ಏನು ಬೇಕಾದ್ರೂ ಯೋಜನೆ ಮಾಡ್ಲಿ, ಡಾಕ್ಟ್ರನ್ನ ಬಲವಂತವಾಗಿ ದುಡಿಸೋ ಹಾಗಿಲ್ಲ ಅಂತ ಸಂವಿಧಾನದಲ್ಲೇ ಇದೆ!"

"ಈಗ ನಿಮ್ಮನ್ನ ಯಾರು ದುಡಿಸಿದ್ರು?"

"ಫಾರಂ ಕಳಿಸಿದಾರೆ ಕಣೇ!"

ಹತ್ತು ವರ್ಷದ ಮಗಳು ಹೋಂವರ್ಕಿನಿಂದ ತಲೆ ಎತ್ತದೇ, "ಡ್ಯಾಡ್, ಇಟ್ಸ್ ಜಸ್ಟ್ ಅ ಫಾರ್ಮ್" ಅಂದ್ಲು.

"ನಿಂಗೆ ಗೊತ್ತಾಗಲ್ಲ, ಸುಮ್ನಿರು. ಇನ್ಮೇಲೆ ನನ್ನ ಕೈಲಿ ಯಾರೂ ಬಲವಂತವಾಗಿ ಕೆಲಸ ಮಾಡ್ಸೋ ಹಾಗಿಲ್ಲ."

"ಸರಿ, ಆ ಕಾಯಿ ಹೋಳು ತುರಿದು ಕೊಡಿ" ಅಂದೆ.

ಪುಸ್ತಕ ಕಂಕುಳಲ್ಲಿ ಸಿಗಿಸ್ಕೊಂಡು ಎರಡೂ ಹೋಳು ತುರಿದು ಕೊಟ್ರು.

ಕೆಮ್ಮಿನ ತಾತ

ರೋಗಿ ಒಂದು ಸಹಿ ಹಾಕಿದ್ರೆ ಸಾಕು, ಬಿಲ್ಲು ನೇರವಾಗಿ ಸರ್ಕಾರಕ್ಕೇ ಹೋಗುತ್ತೆ, ಡಾಕ್ಟರಿಗೆ ಅಲ್ಲಿಂದಲೇ ಫೀಸು ಬರುತ್ತೆ. ಅಂಥ ಫಾರಂ ನಮ್ಮ ಕ್ಲಿನಿಕ್ಕಿನೊಳಗೆ ಕಾಲಿಡೋ ಹಾಗಿಲ್ಲ ಅಂತ ಇವರ ಆರ್ಡರ್.

ಪಕ್ಕದ ಬೀದಿಯ ಬಿಳಿಯ ತಾತ ಒಬ್ಬ ವಿಮೆಯ ಹೊಸ ಕಾರ್ಡು ಹಿಡ್ಕೊಂಡು ಬಂದ. ಇವರು ಅವನನ್ನ ಕೂರಿಸಿಕೊಂಡು ಸಂವಿಧಾನದ ಪಾಠ ಶುರು ಮಾಡಿದ್ರು. ಕಾಲು ಗಂಟೆ ಆಯ್ತು. ಹೊರಗೆ ಆರು ಜನ ಕಾಯ್ತಿದಾರೆ, ಅದರಲ್ಲಿ ಒಂದು ಮಗು ನನ್ನ ಬಿಸ್ಕತ್ತಿನ ಡಬ್ಬಿ ಖಾಲಿ ಮಾಡ್ತಿದೆ. ನಾನು ಬಾಗಿಲು ತೆಗೆದು ಇಣುಕಿದೆ.

ತಾತ ಪಾಪ, ಕೈ ಎತ್ತಿ ಹೇಳ್ತಿದ್ದ: "ಸಂವಿಧಾನಕ್ಕೆ ಏನೂ ಆಗಿಲ್ಲ ಡಾಕ್. ಕೆಮ್ಮು ನನಗೆ."

ಕೊನೆಗೆ ಎದೆ ನೋಡಿ, ಔಷಧಿ ಬರೆದು ಕೊಟ್ರು. ತಾತ ಜೇಬಿಗೆ ಕೈ ಹಾಕಿದ. ಇವರಿಗೋ ವಯಸ್ಸಾದವರ ಹತ್ರ ಬಾಯ್ಬಿಟ್ಟು ಫೀಸು ಕೇಳಿ ಅಭ್ಯಾಸವೇ ಇಲ್ಲ. "ಇರ್ಲಿ ಬಿಡಿ, ನಮ್ಮಪ್ಪನ ವಯಸ್ಸು" ಅಂದುಬಿಟ್ರು. ತಾತ ಖುಷಿಯಾಗಿ ಹೋದ.

"ಸರ್ಕಾರದ ಹತ್ರಾನೂ ತಗೊಳ್ಳಲಿಲ್ಲ, ಅವನ ಹತ್ರಾನೂ ತಗೊಳ್ಳಲಿಲ್ಲ. ಇದಕ್ಕೆ ಏನಂತಾರ್ರೀ?" ಅಂತ ಕೇಳಿದೆ.

"ಸ್ವಾತಂತ್ರ್ಯ ಅಂತಾರೆ" ಅಂದ್ರು.

ಫೋನು ಕುಕ್ಕಿದ್ದು

ಇಷ್ಟೇ ಆಗಿದ್ರೆ ನಕ್ಕು ಸುಮ್ನಾಗ್ತಿದ್ದೆ. ಆದ್ರೆ ಅಡಿಲೇಡಿನಲ್ಲಿ ಇವರ ಜೊತೆ ಮೈಸೂರಲ್ಲಿ ಓದಿದ ಸ್ನೇಹಿತರೊಬ್ಬರಿದ್ರು. ಆಸ್ಪತ್ರೆಯೊಂದರಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟ್ರು. ಅವರ ಹೆಂಡತೀನ ನಾನು ಆಪಾ ಅಂತೀನಿ, ಅಂದ್ರೆ ಅವರ ಮನೆಮಾತಲ್ಲಿ ಅಕ್ಕ. ಪ್ರತಿ ಭಾನುವಾರ ಎಸ್‌ಟಿಡಿ ಕಾಲ್. ಮೊದಲು ಗಂಡಸರು, ಆಮೇಲೆ ನಾವು. ವಾರವಿಡೀ ಇಂಗ್ಲಿಷಿನಲ್ಲಿ ಹಲ್ಲು ಕಿರಿದು ಸಾಕಾಗಿರ್ತಿತ್ತು ನನಗೆ. ಆಪಾ ಜೊತೆ ಆಡೋ ಆ ಇಪ್ಪತ್ತು ನಿಮಿಷದ ಕನ್ನಡದಲ್ಲೇ ಇಡೀ ವಾರ ಬದುಕ್ತಿದ್ದೆ. ಊರು ಬಿಟ್ಟ ಮೇಲೆ ನನಗೆ ಸಿಕ್ಕ ಒಬ್ಬಳೇ ಅಕ್ಕ ಅವಳು.

ಆ ಭಾನುವಾರ ಗಂಡಸರ ಸರದೀಲಿ ಸಂವಿಧಾನ ಎದ್ದಿತು. ಆ ಕಡೆಯವರ ಗಂಟಲು ಎಂಥದ್ದು ಅಂದ್ರೆ, ಫೋನು ಇವರ ಕಿವೀಲಿದ್ರೂ ಒಲೆ ಮುಂದಿದ್ದ ನನಗೆ ಕೇಳಿಸ್ತಿತ್ತು.

"ಲೋ, ನಿನ್ನ ಯಾರೋ ಕಟ್ಟಿ ಹಾಕಿರೋದು? ಇಲ್ಲದವರು ಧೈರ್ಯವಾಗಿ ಬಂದು ತೋರಿಸ್ಕೊಳ್ತಾರೆ, ಅಷ್ಟೇ ತಾನೇ!"

"ನೀನು ಆಸ್ಪತ್ರೆ ಸಂಬಳದವನು, ನಿಂಗೇನೋ ಗೊತ್ತು!"

"ಎಂಬಿಬಿಎಸ್‌ನಲ್ಲಿ ಇದ್ದ ಒಂದೇ ಒಂದು ಕಾನೂನಿನ ಪೇಪರಲ್ಲಿ ಫೇಲಾದವನು ನೀನು. ನನಗೆ ಸಂವಿಧಾನ ಹೇಳ್ತೀಯಾ?"

ಅಯ್ಯೋ, ಅದೊಂದು ಮಾತು ಬರಬಾರದಿತ್ತು. ಇವರು ಫೋನು ಕುಕ್ಕಿದ ರಭಸಕ್ಕೆ ಪಕ್ಕದಲ್ಲಿದ್ದ ಗಣಪತಿ ಅಡ್ಡ ಬಿದ್ದ.

ಮುಂದಿನ ಭಾನುವಾರ ನಾನೇ ಡಯಲ್ ಮಾಡಿದೆ. ಎತ್ತಿದ್ದು ಆಪಾಳ ಗಂಡ. "ತಪ್ಪು ಒಪ್ಕೊಂಡ್ನಾ ಅವನು?" ಅಂದ್ರು. ಇವರು ಬೆನ್ನ ಹಿಂದಿನಿಂದ, "ಕ್ಷಮೆ ಕೇಳಿದ್ನಾ?" ಅಂದ್ರು. ಮಧ್ಯದಲ್ಲಿ ನಾನು. ಫೋನ್ ಇಟ್ಟು ಬಾತ್‌ರೂಮಿಗೆ ಹೋಗಿ ಅತ್ತುಬಿಟ್ಟೆ. ಬೇರೆ ದಿನ ಮಾಡೋಣ ಅಂದ್ರೆ ಹಗಲಲ್ಲಿ ಆಪಾ ಶಾಲೇಲಿ ಪಾಠ ಮಾಡ್ತಿರ್ತಾಳೆ, ನಾನು ಕ್ಲಿನಿಕ್ಕಲ್ಲಿ, ಸಂಜೆ ಆದ್ರೆ ಇವರಿಬ್ಬರೂ ಫೋನಿನ ಪಕ್ಕದಲ್ಲೇ. ಕಾಗದ ಬರೆದೆ, ಅವಳೂ ಬರೆದಳು. ಆದ್ರೆ ಕಾಗದದಲ್ಲಿ ಬಿದ್ದು ಬಿದ್ದು ನಗೋಕಾಗುತ್ತಾ?

ಹೀಗೇ ಹನ್ನೊಂದು ತಿಂಗಳು ಕಳೀತು.

ಬ್ರಿಸ್ಬೇನಿನ ತೀರ್ಪು

ಇಬ್ಬರಿಗೂ ಮೈಸೂರಲ್ಲಿ ಪಾಠ ಹೇಳಿದ್ದ ಮೇಷ್ಟ್ರು ಬ್ರಿಸ್ಬೇನಿನಲ್ಲಿ ಇದ್ರು. ಅವರಿಗೆ ಅರವತ್ತು ತುಂಬಿತು ಅಂತ ಕರೆದ್ರು. ಮೇಷ್ಟ್ರು ಕರೆದ್ಮೇಲೆ ಬರಲ್ಲ ಅನ್ನೋಕಾಗುತ್ತಾ? ಎರಡು ಮನೆಯವರೂ ಹೋದ್ವಿ.

ಬೆಳಗ್ಗೆ ಪೂಜೆ, ಮಧ್ಯಾಹ್ನ ಹಿತ್ತಿಲಲ್ಲಿ ಬಾರ್ಬಿ, ಅಂದ್ರೆ ಕೆಂಡದ ಮೇಲೆ ಸುಟ್ಟು ತಿನ್ನೋ ಇಲ್ಲಿಯ ಊಟ. ಸಸ್ಯಾಹಾರಿಗಳಿಗೆ ಜೋಳ ಸುಡ್ತಿದ್ರು. ನಮ್ಮ ಮಹಾಶಯರು ಈ ಮೂಲೆ, ಆಪಾಳ ಗಂಡ ಆ ಮೂಲೆ, ನೀನ್ಯಾರೋ ನಾನ್ಯಾರೋ. ಇವರು ಜೋಳದ ತೆನೆ ಅಲ್ಲಾಡಿಸ್ತಾ ಯಾವನೋ ಹೊಸ ಡಾಕ್ಟರಿಗೆ ಹೇಳ್ತಿದ್ರು: "ಡಾಕ್ಟರ್ ಆದವನನ್ನ ಭೂಮಿ ಮೇಲೆ ಯಾರೂ ಬಲವಂತ..."

"ಅಂಕಲ್, ಸ್ವಲ್ಪ ಈ ಮಂಡಿ ನೋಡ್ತೀರಾ?" ಅಂತ ಒಬ್ಬಳು ಬಂದ್ಲು.

ನಮ್ಮ ಜನ ಗೊತ್ತಲ್ಲ, ಡಾಕ್ಟ್ರು ಕಂಡಲ್ಲೇ ಕ್ಲಿನಿಕ್ಕು. ಮಂಡಿ ಹಿಂದೆ ಸೊಂಟ, ಸೊಂಟದ ಹಿಂದೆ ಗ್ಯಾಸು. ನೋಡ್ತಾ ನೋಡ್ತಾ ಸಾಲೇ ನಿಂತುಬಿಡ್ತು. ಆ ಮೂಲೇಲಿ ನೋಡಿದ್ರೆ ಅವರೂ ಯಾರದ್ದೋ ಗಂಟಲಿಗೆ ಟಾರ್ಚ್ ಬಿಡ್ತಿದಾರೆ. ಇಬ್ಬರ ಜೋಳವೂ ತಣ್ಣಗಾಯ್ತು.

ಆಗ ಮೇಷ್ಟ್ರ ತಾಯಿ, ಮಗನ್ನ ನೋಡೋಕೆ ಮೈಸೂರಿಂದ ಬಂದಿದ್ದ ಎಂಬತ್ತೆರಡರ ಅಜ್ಜಿ, ಕುರ್ಚಿ ಹಿಡ್ಕೊಂಡು, "ಯಾಕೋ ತಲೆ ಸುತ್ತುತ್ತಪ್ಪಾ" ಅಂದ್ರು.

ತಲೆ ಸುತ್ತು ಅಂದ್ರೆ ಬಿಪಿನೂ ಇರಬಹುದು, ಕಿವಿನೂ ಇರಬಹುದು. ಎರಡೂ ಮೂಲೆಯಿಂದ ಇಬ್ಬರೂ ಓಡಿ ಬಂದ್ರು. ಇವರು ಎಡಗೈಗೆ ಮೇಷ್ಟ್ರ ಮನೆಯ ಬಿಪಿ ಪಟ್ಟಿ ಸುತ್ತಿದ್ರು, ಅವರು ಬಲಗಿವಿ ಹಿಡ್ಕೊಂಡ್ರು.

"ಅಮ್ಮಾ, ಬಿಪಿ ಸರಿಯಾಗಿದೆ ಅಂತ ಅವರಿಗೆ ಹೇಳಿ" ಅಂದ್ರು ಇವರು, ಆಕಾಶ ನೋಡ್ತಾ.

"ಅಮ್ಮಾ, ಈ ಟಾರ್ಚ್ ಹಿಡ್ಕೊಳ್ಳೋಕೆ ಅವರಿಗೆ ಹೇಳಿ" ಅಂದ್ರು ಅವರು, ಹುಲ್ಲು ನೋಡ್ತಾ.

"ನಾನೇನು ಟೆಲಿಫೋನ್ ಎಕ್ಸ್‌ಚೇಂಜಾ?" ಅಂದ್ರು ಅಜ್ಜಿ. "ಬಾಯಿಲ್ವಾ ನಿಮಗೆ?"

ಇವರು ಗಂಟಲು ಸರಿ ಮಾಡ್ಕೊಂಡು, "ಟಾರ್ಚ್ ಕೊಡೋ" ಅಂದ್ರು. ಹನ್ನೊಂದು ತಿಂಗಳಿಗೆ ಅದೇ ಮೊದಲ ಮಾತು.

ಕಿವಿಯೂ ಸರಿಯಾಗಿತ್ತು. ಅಜ್ಜಿ ಬೆಳಗ್ಗೆಯಿಂದ ಪೂಜೆಗೆ ಉಪವಾಸ ಇದ್ರು, ಅಷ್ಟೇ. ಆಪಾ ಓಡಿ ಹೋಗಿ ಪಾನಕ ತಂದು ಕುಡಿಸಿದಳು.

"ಎಷ್ಟಪ್ಪಾ ಫೀಸು?" ಅಂದ್ರು ಅಜ್ಜಿ.

"ಛೇ ಛೇ, ನಿಮ್ಮ ಹತ್ರಾನಾ ಅಮ್ಮಾ!" ಇಬ್ಬರೂ ಒಟ್ಟಿಗೇ ಅಂದ್ರು.

"ನಾನು ಬಲವಂತ ಮಾಡಿದ್ನಾ?"

"ಇಲ್ಲಮ್ಮಾ."

"ಮಂಡಿಯವಳು ಮಾಡಿದ್ಲಾ?"

"ಇಲ್ಲ."

"ಮತ್ತೆ ಯಾರು ಬಲವಂತ ಮಾಡಿದ್ರು ಅಂತ ಹಿಂಗೆ ಕಿತ್ತಾಡ್ಕೊಂಡಿದೀರಿ?"

ಇದೇ ಸಮಯ ಅಂತ ನಾನು ನುಗ್ಗಿದೆ. "ಅಜ್ಜಿ, ಇವರ ಸಂವಿಧಾನ ಏನಾದ್ರೂ ಆಗ್ಲಿ. ನಾನೂ ಆಪಾನೂ ಏನು ತಪ್ಪು ಮಾಡಿದ್ವಿ? ಒಂದು ಮಾತಿಗೆ ಗತಿಯಿಲ್ಲದ ಹಾಗಾಯ್ತು" ಅಂದೆ. ಆಪಾ ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡಳು. ಹಿತ್ತಿಲಲ್ಲಿದ್ದವರೆಲ್ಲ ತಿನ್ನೋದು ನಿಲ್ಲಿಸಿ ನೋಡ್ತಿದ್ರು.

ಅಜ್ಜಿ ಪಾನಕದ ಲೋಟ ಕೆಳಗಿಟ್ರು. "ಇನ್ಮೇಲೆ ಭಾನುವಾರ ಭಾನುವಾರ ನೀವಿಬ್ಬರೇ ಫೋನ್ ಮಾಡಬೇಕು. ಮಾಡಿ ಹೆಂಗಸರ ಕೈಗೆ ಕೊಡಬೇಕು. ಅವರು ಸಾಕು ಅಂದ್ಮೇಲೆ ಉಳಿದ ಟೈಮಲ್ಲಿ ನೀವು ಏನು ಬೇಕಾದ್ರೂ ಕಿತ್ತಾಡ್ಕೊಳ್ಳಿ."

ನಮ್ಮನೆಯವರು ಮೆಲ್ಲಗೆ ಗೊಣಗಿದ್ರು: "ಅಮ್ಮಾ, ಇದು ಬಲವಂತ ಆಗುತ್ತೆ."

"ಹೌದು ಕಣಪ್ಪಾ, ಬಲವಂತಾನೇ" ಅಂದ್ರು ಅಜ್ಜಿ. "ಕೋರ್ಟಿಗೆ ಹೋಗು. ತೀರ್ಪು ಬರೋವರೆಗೂ ಫೋನ್ ಮಾಡ್ತಿರು."