ಬೆಣ್ಣೆಹಣ್ಣಿನ ಗಿಡಕ್ಕೆ ಬಾಯಾರಿಕೆ

ಶಿಲೀ... ಶಿಲೀಂದ್ರವೋ, ಶಿಲೀಂಧ್ರವೋ. ಬೇರಿಗೆ ಹತ್ತುವ ಬೂಷ್ಟಿಗೆ ಓದಿದವರು ಹಾಗೇನೋ ಅನ್ನುತ್ತಾರೆ. ನಾನು ಮಳೆಯ ಕೊಡಗಿನಲ್ಲಿ ಹುಟ್ಟಿ ಬರದ ಮೊಳಕಾಲ್ಮೂರು ಸೀಮೆಗೆ ಸೊಸೆಯಾಗಿ ಬಂದವಳು. ತಲೆ ನರೆತರೂ ಇಲ್ಲಿಯ ಜನ ನನ್ನನ್ನು ಬೆರಗುಗೊಳಿಸುವುದು ನಿಂತಿಲ್ಲ. ಸಾಯುವುದರೊಳಗೆ ನಮ್ಮ ಹೊಲದ್ದೇ ಒಂದು ಬೆಣ್ಣೆಹಣ್ಣು ತಿನ್ನಬೇಕೆಂದು ತವರಿನಿಂದ ಮೂರು ಸಸಿ ತಂದು ದೇವಸಮುದ್ರದ ದಾರಿ ಬದಿಗೆ ನೆಟ್ಟೆ.

೧. ಇನ್ನೊಂದು ಕೊಡ

ಮೊದಲ ಸಸಿಯ ಎಲೆ ಜೋತುಬಿತ್ತು. ವಾರಗಿತ್ತಿ ಓಡಿಬಂದಳು. "ಅಯ್ಯೋ ಅಕ್ಕ, ಕೂಸು ಬಾಯಾರೈತೆ!" ಒಂದು ಕೊಡ ನೀರು ಸುರಿದಳು. ಇನ್ನಷ್ಟು ಜೋತಿತು. ಮತ್ತೆ ಸುರಿದಳು. ಕೊನೆಗೆ ಸತ್ತ ಸಸಿಯನ್ನು ಕಿತ್ತರೆ ಬೇರೆಲ್ಲ ಕಪ್ಪಗೆ, ಮೆತ್ತಗೆ.

ಅವಳು ನಿಟ್ಟುಸಿರಿಟ್ಟಳು. "ಇನ್ನೊಂದು ಕೊಡ ಹಾಕಿದ್ರೆ ಉಳೀತಿತ್ತೇನೋ."

೨. ಪುಣ್ಯವಂತ ಗಿಡ

ಎರಡನೆಯದೂ ಬಾಡಿದಾಗ ತೋಟಗಾರಿಕೆ ಓದಿದ ಪಕ್ಕದ ಮನೆ ಸೊಸೆಯನ್ನು ಕರೆದೆ. "ಅಜ್ಜಿ, ಎರೆಮಣ್ಣಾಗೆ ನೀರು ನಿಂತು ಬೂಷ್ಟು ಹತ್ತಿ ಬೇರು ಕೊಳೆತೈತೆ. ಕೊಳೆತ ಬೇರು ನೀರು ಎಳೆಯಲ್ಲ, ಅದಕ್ಕೇ ಎಲೆ ಬಾಡೋದು" ಅಂದಳು.

ನಮ್ಮ ಯಜಮಾನರು ಅಲ್ಲೇ ಕುಕ್ಕರಿಸಿದರು. "ನಮ್ಮ ಸೀಮೆಯಾಗೆ? ನೀರು ಜಾಸ್ತಿಯಾಗಿ?"

ಅದೂ ಸತ್ತಿತು. ಸುದ್ದಿ ಹರಡಿ ಊರವರೆಲ್ಲ ನೋಡಲು ಬಂದರು. ಹಿರಿಯರೊಬ್ಬರು ಆ ಸತ್ತ ಸಸಿಗೆ ಕೈಮುಗಿದರು. "ಪುಣ್ಯವಂತ ಗಿಡ ಬಿಡ್ರಿ. ಇಂಥ ಸಾವು ಯಾರಿಗೈತೆ?"

೩. ನಿಂತಲ್ಲೇ ನಿಂತದ್ದು

ಉಳಿದ ಒಂದನ್ನು ದಿಬ್ಬ ಮಾಡಿ ಕೂರಿಸಿ, ಚಳ್ಳಕೆರೆಯಿಂದ ಔಷಧಿ ತರಿಸಿ ಹಾಕಿದೆವು. ಮನೆಯವರೆಲ್ಲ ನೀರು ನಿಲ್ಲಿಸಿದರೂ ಬುಡ ಮಾತ್ರ ದಿನವೂ ಒದ್ದೆ! ಒಂದು ಬೆಳಿಗ್ಗೆ ಜಾಲಿ ಮರೆಯಲ್ಲಿ ಕಾದು ಕೂತೆ. ಕುರಿ ಹೊಡೆದುಕೊಂಡು ಬಂದವನೊಬ್ಬ ತನ್ನ ಬಾಟಲಿಯ ನೀರನ್ನು ಬುಡಕ್ಕೆ ಬಗ್ಗಿಸಿದ.

"ಯಾಕಪ್ಪಾ?"

"ಬಾಡೈತಲ್ಲವ್ವ. ನೋಡ್ಕಂಡು ಹೆಂಗ್ ಹೋಗ್ಲಿ?"

"ನಿನಗೆ ಕುಡಿಯೋಕೆ?"

"ನಾನು ನಡೆಯೋನು, ಮುಂದೆ ಎಲ್ಲಾದ್ರೂ ಸಿಗ್ತೈತೆ. ಅದು ನಿಂತಲ್ಲೇ ನಿಂತೈತಲ್ಲ."

ಬೈಯಲು ಬಾಯಿ ತೆರೆದು ಕತ್ತೆತ್ತಿದೆ. ಅವನ ಹಿಂದೆ ಬಸ್ಸಿಗೆ ಹೊರಟ ಹೆಂಗಸೊಬ್ಬಳು ಬಾಟಲಿ ಹಿಡಿದು ಸರದಿ ಕಾಯುತ್ತಿದ್ದಳು! "ನೀರು ಹಾಕಬೇಡಿ ಅಂತ ಬೋರ್ಡು ಹಾಕಿಸ್ತೀನಿ" ಅಂದೆ.

ಕುರಿಯವನು ಬೆಚ್ಚಿದ. "ಬ್ಯಾಡವ್ವ, ನೀರು ಬ್ಯಾಡ ಅಂತ ಬರೆದೋರ್ಗೆ ಪಾಪ ಸುತ್ತಿಕೊಂತೈತೆ!"

ಮನೆಗೆ ಬಂದು ಮೊಮ್ಮಗಳ ಕೈಗೆ ಹಲಗೆ, ಬಣ್ಣ ಕೊಟ್ಟೆ. "ಬರಿಯೇ ಪುಟ್ಟಿ, 'ಈ ಗಿಡದ್ದು ಊಟ, ನೀರು ಎಲ್ಲಾ ಆಗಿದೆ. ನಿಮ್ಮದು ಆಯ್ತಾ?' ಕೆಳಗೆ ತೆಲುಗಿನಾಗೂ ಬರಿ. ಗಡಿಯಾಚೆ ಆಂಧ್ರದ ಕಡೆಯವರೂ ಬಾಟಲಿ ಹಿಡ್ಕಂಡೇ ಬರ್ತಾರೆ."