ಬೆಳ್ಳಿಯ ದೋಣಿಗೆ ನಾನಿಟ್ಟ ನಲ್ಲಿ

ಇಪ್ಪತ್ತೆಂಟು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದವನಿಗೆ ಎರಡು ಡ್ರೈನ್ ಪ್ಲಗ್ ಯಾವ ಲೆಕ್ಕ? ಹಾಗೆಂದುಕೊಂಡೇ ನಾನು ನಮ್ಮೂರ ಅಂಬಿಗ ಬೆಳ್ಳಿಯ ದೋಣಿಗೆ ಕೈ ಹಾಕಿದೆ.

ಬೆಟ್ಟದ ಮೇಲೆ, ಕುಂದಾ ಕಡೆಯ ನಮ್ಮ ಅಣೆಕಟ್ಟಿನ ಹಿನ್ನೀರಿನಲ್ಲಿ ಆಚೆ ದಡದ ಹಟ್ಟಿಗೆ ಹೋಗಲು ಅದೊಂದೇ ಮೋಟಾರು ದೋಣಿ. ಅದರಲ್ಲಿ ಇಪ್ಪತ್ತು ನಿಮಿಷ. ರಸ್ತೆ ಸುತ್ತಿ ಹೋದರೆ ಅರ್ಧ ದಿನ. ಇಂಜಿನ್ ತಣ್ಣಗಿರುವುದು ಅದರೊಳಗೆ ಹರಿಯುವ ಹಿನ್ನೀರಿನಿಂದಲೇ. ಹಿಮ ಬೀಳುವ ತಿಂಗಳುಗಳಲ್ಲಿ ಆ ನೀರು ಒಳಗೆ ಉಳಿದರೆ ಗಡ್ಡೆ ಕಟ್ಟಿ ಕಬ್ಬಿಣವನ್ನೇ ಸೀಳುತ್ತದೆ. ಆದ್ದರಿಂದ ಬೆಳ್ಳಿ ಪ್ರತಿ ಸಂಜೆ ಹೊಟ್ಟೆಯ ಮೇಲೆ ಮಲಗಿ, ಇಂಜಿನ್ ಬುಡಕ್ಕೆ ಕೈ ತೂರಿಸಿ, ಕಣ್ಣಿಗೆ ಕಾಣದ ಎರಡು ಪ್ಲಗ್ ಬಿಚ್ಚುತ್ತಿದ್ದ. ತಂತಿಯಿಂದ ತೂತು ಕೆದಕಿ, ನೀರು ಸುರಿಯುವ ಸದ್ದು ನಿಲ್ಲುವವರೆಗೆ ಕಿವಿಗೊಟ್ಟು ಕಾಯುತ್ತಿದ್ದ. ಅವನ ಬೆರಳ ಗೆಣ್ಣುಗಳು ಸದಾ ಸುಲಿದಿರುತ್ತಿದ್ದವು.

ನನಗೆ ಕನಿಕರ ಬಂತು. ಅನಾಹುತ ಅಲ್ಲಿಂದಲೇ ಶುರು.

ಪ್ಲಗ್ ಇದ್ದ ಜಾಗಕ್ಕೆ ಎರಡು ರಬ್ಬರ್ ಪೈಪು ಜೋಡಿಸಿ, ಕೂತಲ್ಲೇ ತಿರುಗಿಸಲು ಅನುಕೂಲವಾಗಲೆಂದು ಸೀಟಿನ ಎತ್ತರಕ್ಕೆ ತಂದು, ಒಂದು ಹಿತ್ತಾಳೆ ನಲ್ಲಿ ಕೂರಿಸಿದೆ. ಅಡ್ಡ ಬಂದ ಸೀಟಿನ ಹಲಗೆಯನ್ನು ಕಿತ್ತು ಪಕ್ಕಕ್ಕಿಟ್ಟೆ. ಇಂಜಿನ್ ಓಡುತ್ತಿರುವಾಗಲೇ ನಲ್ಲಿ ತಿರುಗಿಸಿ ಲೋಕಾರ್ಪಣೆ ಮಾಡಿದೆ. ನೀರು ಚಿಮ್ಮಿತು! ಇಂಜಿನ್ ನಿಲ್ಲಿಸಿದ ಮೇಲೆ ನಾಲ್ಕು ಹನಿ ಬಿದ್ದು ನಿಂತಿತು. ಪೂರ್ತಿ ಖಾಲಿಯಾಯಿತೆಂದು ಘೋಷಿಸಿದೆ. ಅಂದಿನ ಡೈರಿಯಲ್ಲಿ ‘ಬೆಳ್ಳಣ್ಣ ಮೆಚ್ಚಿದ’ ಎಂದಿದೆ.

ಮರುದಿನ ಬೆಳಿಗ್ಗೆ ಹುಲ್ಲೆಲ್ಲ ಹಿಮದಿಂದ ಬೆಳ್ಳಗಿತ್ತು. ಆಚೆ ಹಟ್ಟಿಗೆ ಕೊಟ್ಟಿದ್ದ ಬೆಳ್ಳಿಯ ಅಕ್ಕ ತೀರಿಕೊಂಡರೆಂದು ಫೋನ್ ಬಂತು. ಹೆಂಗಸು ಸತ್ತರೆ ತವರಿನ ಸೀರೆ ಹೊದಿಸಿಯೇ ಹೆಣ ಎತ್ತಬೇಕು. ತವರು ಎಂದು ಉಳಿದವನು ಬೆಳ್ಳಿಯೊಬ್ಬನೇ. ಎರಡು ಗಂಟೆವರೆಗೆ ಕಾಯುವುದಾಗಿ ಹಿರಿಯರು ಹೇಳಿದರು. ಪೇಟೆಯಿಂದ ಸೀರೆ ತರುವಷ್ಟರಲ್ಲಿ ಹನ್ನೊಂದಾಯಿತು. ಬೇಕಾದಷ್ಟು ಹೊತ್ತಿತ್ತು. ನಾನೂ ಜೊತೆಗೆ ಹೊರಟೆ.

ನಡುನೀರಿನಲ್ಲಿ ಕಾಲು ಒದ್ದೆಯಾಯಿತು. ಇಂಜಿನ್ನಿನ ಮೈಯಲ್ಲಿ ಗೇಣುದ್ದದ ಬಿರುಕು ಬಿಟ್ಟು, ಅಲ್ಲಿಂದ ನೀರು ದೋಣಿಯೊಳಗೇ ಸುರಿಯುತ್ತಿತ್ತು. ಬೆಳ್ಳಿ ಇಂಜಿನ್ ಆರಿಸಿದ. ಬಿರುಕಿನ ಮೇಲೆ ಬೆರಳಾಡಿಸಿದ.

“ನೀರು ಒಳಗೇ ಇತ್ತು, ಸಾರ್.”

ಆಮೇಲೆ ನಾನು ಕಿತ್ತಿಟ್ಟಿದ್ದ ಸೀಟಿನ ಹಲಗೆಯನ್ನೇ ಹುಟ್ಟು ಮಾಡಿಕೊಂಡು, ಎದುರುಗಾಳಿಯಲ್ಲಿ ಸರದಿಯ ಮೇಲೆ ನೀರು ತಳ್ಳಿದೆವು. ನನ್ನ ಸುಧಾರಣೆಯಿಂದ ಆದ ಉಪಕಾರ ಆ ಹಲಗೆಯೊಂದೇ. ಸೀರೆ ನೆನೆಯದಂತೆ ಬೆಳ್ಳಿ ಅದನ್ನು ಅಂಗಿಯೊಳಗೆ ಇಟ್ಟುಕೊಂಡಿದ್ದ.

ದಡ ಸೇರಿದಾಗ ಮೂರು ದಾಟಿತ್ತು. ಎರಡೂವರೆವರೆಗೆ ಕಾದು, ಪಕ್ಕದ ಮನೆಯವರು ಕೊಟ್ಟ ಸೀರೆ ಹೊದಿಸಿ ಮಣ್ಣು ಮಾಡಿದ್ದರು. ಬೆಳ್ಳಿ ಹಸಿ ಮಣ್ಣಿನ ಮೇಲೆ ಸೀರೆಯನ್ನು ಹಾಸಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಕಲ್ಲಿಟ್ಟ. ಯಾಕಪ್ಪ ತಡ ಎಂದು ಹಿರಿಯರೊಬ್ಬರು ಕೇಳಿದರು.

“ಇಂಜಿನ್ ಹಳೇದು, ಅಯ್ಯಾ,” ಅಂದ ಬೆಳ್ಳಿ.

ಹೌದೆಂದು ನಾನೂ ತಲೆಯಾಡಿಸಿದೆ!

ಮನೆಗೆ ಬಂದು ಹೆಂಡತಿ ಸರಸಳಿಗೆ, ಪೈಪಿನ ಗುಣಮಟ್ಟವೇ ಸರಿಯಿರಲಿಲ್ಲ ಅಂದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು.

“ಅವತ್ತು ಕಾಫಿ ಲೋಟ ಹಿಡ್ಕೊಂಡು ಬೆಳ್ಳಣ್ಣ ಕೇಳಿದ್ರಲ್ಲ ರೀ, ಇಂಜಿನ್ ನಿಂತ ಮೇಲೆ ತಳದಲ್ಲಿರೋ ನೀರು ಮೇಲಿನ ನಲ್ಲಿಗೆ ಹೆಂಗೆ ಹತ್ತುತ್ತೆ ಅಂತ?”

ನನಗೆ ಅಂಥದ್ದೇನೂ ನೆನಪಿಲ್ಲ. ಡೈರಿಯಲ್ಲೂ ಇಲ್ಲ. ನೆನಪೂ ಡೈರಿಯೂ ಒಬ್ಬನವೇ ಆದ್ದರಿಂದ ಆ ಎರಡು ಸಾಕ್ಷಿಗಳನ್ನು ಈಗ ನಾನು ನಂಬುವುದಿಲ್ಲ. ನಾನೇನಂದೆ ಎಂದು ಕೇಳಿದೆ.

“ಅದು ಗೊತ್ತಾಗೋಕೆ ಓದಿರಬೇಕು ಅಂದ್ರಿ.”

ಈಗ ದೋಣಿಗೆ ಇನ್ನೊಂದು ಇಂಜಿನ್ ಬಂದಿದೆ. ಪ್ಲಗ್‌ಗಳು ಬುಡದಲ್ಲೇ ಇವೆ. ಹಿಮದ ತಿಂಗಳುಗಳಲ್ಲಿ ಪ್ರತಿ ಸಂಜೆ ಅವನ್ನು ಬಿಚ್ಚುವ ಕೆಲಸವನ್ನು ನಾನೇ ಕೇಳಿ ವಹಿಸಿಕೊಂಡಿದ್ದೇನೆ. ನನ್ನ ಗೆಣ್ಣುಗಳೂ ಸುಲಿದಿವೆ.

“ಪೂರ್ತಿ ಬಂತಾ, ಸಾರ್?” ಅನ್ನುತ್ತಾನೆ ಬೆಳ್ಳಿ.

“ಬಂತು ಬೆಳ್ಳಣ್ಣ, ಪೂರ್ತಿ.”

ಅವನು ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುತ್ತಾನೆ. ತಾನೇ ಹೊಟ್ಟೆಯ ಮೇಲೆ ಮಲಗಿ, ಕೈ ತೂರಿಸಿ, ತಂತಿಯಿಂದ ತೂತು ಕೆದಕುತ್ತಾನೆ.