ನನಗೆ ಎಲ್ಲೆಲ್ಲು, ಭಾಮೈದನಿಗೆ ಪಕ್ಕಾ

ನಿಯಮ ಪಾಲಿಸುವವನಿಗೇ ಇಂಥವೆಲ್ಲ ಆಗುತ್ತಿರುತ್ತವೆ, ಪಾಲಿಸದವನು ಆರಾಮಾಗಿರುತ್ತಾನೆ. ತೊಂಬತ್ತರ ದಶಕದ ಕೊನೆ. ನಂಜನಗೂಡಿನ ಬೀಜದ ವ್ಯಾಪಾರಿಯೊಬ್ಬರ ಗೋಡೌನಿನಲ್ಲಿ ಒಂಬತ್ತು ವರ್ಷ ಧೂಳು ಕುಡಿದು ಕೆಮ್ಮುತ್ತಿದ್ದೆ. ಟಿ. ನರಸೀಪುರದ ಕಡೆ ಹಳ್ಳಿ ಸುತ್ತಿ ಬೀಜ ಮಾರುವ ಕೆಲಸವೊಂದು ಖಾಲಿಯಾಯಿತು. “ಬೈಕಿನ ಪಕ್ಕಾ ಲೈಸೆನ್ಸು ಯಾರು ಮೊದಲು ತರ್ತೀರೋ ಅವರಿಗೆ” ಅಂದರು ಮಾಲೀಕರು. ಅಲ್ಲೇ ಮೂಟೆ ಹೊಲಿಯುತ್ತಿದ್ದ ನನ್ನ ಭಾಮೈದನೂ ಆಸೆಪಟ್ಟ. ಅವನಿಗೆ ಸೈಕಲ್ಲೂ ಬರುತ್ತಿರಲಿಲ್ಲ. ನಾನು ನಿಶ್ಚಿಂತೆಯಾಗಿದ್ದೆ.

ಮೊದಲು ಎಲ್ಲೆಲ್ಲು, ಅಂದರೆ ಕಲಿಯುವವನ ಲೈಸೆನ್ಸು, ಕಲಿತ ಮೇಲೆ ಪಕ್ಕಾ ಎನ್ನುವ ಪದ್ಧತಿ ಒಳ್ಳೆಯದೇ. ಕಾಗುಣಿತ ಬಾರದವನ ಕೈಗೆ ಯಾರೂ ಪುಸ್ತಕ ಕೊಡುವುದಿಲ್ಲ. ಎಲ್ಲೆಲ್ಲಿನ ಆ ತಿಂಗಳುಗಳಲ್ಲಿ ನಿಧಾನ ಕಲಿಯದಿದ್ದರೆ ನಾನು ಯಾವುದೋ ಕಬ್ಬಿನ ಗಾಡಿಯ ಕೆಳಗಿರುತ್ತಿದ್ದೆ. ತೊಂದರೆ ಒಂದೇ: ಮೆಟ್ಟಿಲು ಇರುವುದು ಮೆಟ್ಟಿಲು ಹತ್ತುವವರಿಗೆ ಮಾತ್ರ.

ಕೆಂಪು ಎಲ್

ಸ್ನೇಹಿತನ ಹಳೇ ಬೈಕಿಗೆ ಹಿಂದೆ ಮುಂದೆ ಕೆಂಪು ‘ಎಲ್’ ಅಂಟಿಸಿ, ನಿಯಮದಂತೆ ಲೈಸೆನ್ಸಿದ್ದ ಅವನನ್ನೇ ಹಿಂದೆ ಕೂರಿಸಿಕೊಂಡು ಕಲಿಯುತ್ತಿದ್ದೆ. ಸೋಮನಾಥಪುರದ ಹತ್ತಿರ ರೈತನೊಬ್ಬ ಪಹಣಿ ಹಿಡಿದು ಅಡ್ಡ ನಿಂತ.

“ಲಾಯರ್ ಸಾ, ಇದೊಸಿ ನೋಡಿ. ಅಣ್ಣ ಬದು ಒತ್ತವ್ನೆ.”

“ನಾನು ಲಾಯರಲ್ಲ ಕಣಪ್ಪ.”

“ಡಾಕುಟ್ರು ಗಾಡೀಲಿ ಕೆಂಪು ಪ್ಲಸ್ಸು ಇರ್ತದೆ, ನಿಮ್ದ್ರಲ್ಲಿ ಎಲ್ ಅದೆ. ನಮ್ಗೂ ಗೊತ್ತಾಯ್ತದೆ ಬುಡಿ.”

“ಅದು ಇನ್ನೂ ಕಲೀತಾ ಇದೀನಿ ಅಂತ!”

ಅವನ ಮುಖ ಅರಳಿತು. “ಅಂಗಾರೆ ಫೀಜು ಕಮ್ಮಿ ತಾನೆ?”

ಎಂಟು

ಟೆಸ್ಟಿನ ದಿನ ಬ್ರೇಕ್ ಇನ್‌ಸ್ಪೆಕ್ಟರು “ಎಂಟು ಹಾಕಿ” ಅಂದರು. ನಾನು ಓದಿದ್ದೆಲ್ಲ ಕನ್ನಡ ಶಾಲೆಯಲ್ಲಿ. ನನಗೆ ಗೊತ್ತಿದ್ದ ಎಂಟು ‘೮’. ಅದನ್ನೇ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದೆ. ಕಾಲು ನೆಲಕ್ಕೆ ತಾಗಿಸದೆ ಎಡದಿಂದ ಇಳಿದು, ಕೆಳಗೆ ಸುತ್ತಿ, ಬಲಕ್ಕೆ ಏರಿ ಸೀದಾ ಮೈದಾನದಾಚೆ ರಸ್ತೆಗೆ ಹೋಗಿ ನಿಂತೆ.

“ಎಲ್ಲಿಗ್ರೀ ಹೋದ್ರಿ?”

“ಕನ್ನಡದ ಎಂಟು ಸಾರ್. ಇಲ್ಲಿಗೆ ಮುಗೀತದೆ.”

“ನಿಮ್ಮ ಟೆಸ್ಟೂ ಅಲ್ಲಿಗೇ ಮುಗೀತು, ಹೋಗಿ.”

ನನ್ನ ಹಿಂದೆಯೇ ಭಾಮೈದನ ಹೆಸರು ಕೂಗಿದರು. ಅವನು ಏಜೆಂಟನ ಜೊತೆ ಬಸ್ಸಿನಲ್ಲಿ ಬಂದಿದ್ದ. ಎಂಟು ಹಾಕಲೇ ಇಲ್ಲ, ಬರೀ ಸಹಿ ಹಾಕಿದ. ಪಾಸಾದ. ಮನೆಗೆ ಹೋದರೆ ಹೆಂಡತಿ ತಮ್ಮನಿಗೆ ಕೇಸರಿಬಾತ್ ಮಾಡಿದ್ದಳು. ನನಗೂ ಬಡಿಸಿ, “ಬೇಜಾರು ಮಾಡ್ಕೋಬೇಡಿ, ಇಂಗ್ಲಿಷ್ ಎಂಟು ಅವನೇ ಹೇಳ್ಕೊಡ್ತಾನೆ” ಅಂದಳು.

ಗುರು

ಕೆಲಸ ಭಾಮೈದನಿಗೇ ಹೋಯಿತು, ಸಂಬಳವೂ ಏರಿತು. ಕೆಲಸಕ್ಕೆಂದು ಬೈಕು ಬಂದ ದಿನ ಸ್ಟ್ಯಾಂಡ್ ತೆಗೆಯಲಾರದೆ ಅದರ ಜೊತೆಗೇ ಬಿದ್ದ. ಮಾಲೀಕರು ನನ್ನನ್ನು ಕರೆದು, “ನೀನೇ ಓಡ್ಸು. ಅವನು ಹಿಂದೆ ಕೂತ್ಕೊಂಡು ಕೆಲ್ಸ ಮಾಡ್ಲಿ” ಅಂದರು. ನನಗೆ ಹಳೇ ಸಂಬಳ, ಅವಧಿ ಮುಗಿದು ಹೊಸದಾಗಿ ಮಾಡಿಸಿದ ಎಲ್ಲೆಲ್ಲು.

ಒಂದು ದಿನ ಮುಡುಕುತೊರೆ ದಾರಿಯಲ್ಲಿ ಪೊಲೀಸಿನವರು ಕೈ ಅಡ್ಡ ಹಿಡಿದರು. ನಾನು ಎಲ್ಲೆಲ್ಲು ತೋರಿಸಿದೆ. ಭಾಮೈದ ಹಿಂದಿನಿಂದ ತನ್ನ ಪಕ್ಕಾ ಲೈಸೆನ್ಸು ಚಾಚಿದ. ಪೊಲೀಸಿನವರಿಗೆ ಎಲ್ಲಿಲ್ಲದ ಖುಷಿ.

“ಕಲಿಯೋನು ಮುಂದೆ, ಲೈಸೆನ್ಸ್ ಇರೋರು ಹಿಂದೆ! ಈ ತಾಲ್ಲೂಕಲ್ಲಿ ಕಾನೂನು ಪಾಲ್ಸೋರ್ನ ಇವತ್ತೇ ಕಣ್ರೀ ನಾನು ನೋಡಿದ್ದು.” ಆಮೇಲೆ ನನ್ನ ಕಡೆ ತಿರುಗಿ, “ನೋಡಯ್ಯ, ಇವರತ್ರ ಸರ್ಯಾಗಿ ಕಲ್ತ್ಕೊ.”

ಭಾಮೈದ ನನ್ನ ಭುಜ ತಟ್ಟಿದ. “ನಾನೂ ಅದ್ನೇ ಯೋಳ್ತಿವ್ನಿ ಸಾ. ನಮ್ ಭಾವಂಗೆ ತಲೆಗೇ ಅತ್ತಕಿಲ್ಲ.”